ಮೈಕ್ರೋಪ್ಯಾಟರ್ನ್ ಹೈಡ್ರೋಜೆಲ್

ನೀರು ಕುಡಿದು ಉಬ್ಬುವ, ಆದರೆ ನೀರಲ್ಲಿ ಕರಗದ ಪಾಲಿಮರ್ ಜಾಲವೇ ಹೈಡ್ರೋಜೆಲ್. ಜೀವಕೋಶ ಎಲ್ಲಿ ಅಂಟಬೇಕು, ಎಲ್ಲಿ ಅಂಟಬಾರದು ಎಂದು ಅದರ ಮೇಲೆ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಳತೆಯಲ್ಲಿ ಗಡಿ ಹಾಕಿದರೆ ಮೈಕ್ರೋಪ್ಯಾಟರ್ನ್ ಹೈಡ್ರೋಜೆಲ್ ಆಗುತ್ತದೆ. ಅಂಟುವ ಕಡೆ ಫೈಬ್ರೊನೆಕ್ಟಿನ್ ಅಥವಾ ಕೊಲ್ಯಾಜನ್ ಎಂಬ, ಕೋಶ ಹಿಡಿದುಕೊಳ್ಳುವ ಪ್ರೋಟೀನು ಇರುತ್ತದೆ, ಉಳಿದದ್ದು ಖಾಲಿ. ಪ್ರೋಟೀನು ಹಚ್ಚುವುದು ಸುಲಭ. ಆ ಖಾಲಿ ಜಾಗವನ್ನು ಖಾಲಿಯಾಗಿ ಉಳಿಸಿಕೊಳ್ಳುವುದೇ ಕಷ್ಟ.

ಇಷ್ಟು ಶ್ರಮ ಯಾಕೆಂದರೆ, ಹರಡಿಕೊಳ್ಳಲು ಸಿಗುವ ಜಾಗವೇ ಕೋಶದ ನಡವಳಿಕೆಯನ್ನು ಬದಲಿಸುತ್ತದೆ. ರಕ್ತನಾಳದ ಒಳಪದರದ ಕೋಶಗಳು ಪುಟ್ಟ ದ್ವೀಪದಲ್ಲಿ (ಸುತ್ತ ಖಾಲಿ ಇರುವ ಅಂಟುವ ಜಾಗದಲ್ಲಿ) ಸಾಯುತ್ತವೆ, ದೊಡ್ಡದರಲ್ಲಿ ಬೆಳೆಯುತ್ತವೆ ಎಂದು 1997ರಲ್ಲಿ ವಿಜ್ಞಾನಿಗಳಾದ ಚೆನ್, ಇಂಗ್ಬರ್, ವೈಟ್‌ಸೈಡ್ಸ್ ಮತ್ತು ಸಂಗಡಿಗರು ತೋರಿಸಿದರು. 2004ರ ಇನ್ನೊಂದು ಪ್ರಯೋಗದಲ್ಲಿ ಮನುಷ್ಯರ ಮೆಸೆಂಕೈಮಲ್ ಕಾಂಡಕೋಶಗಳು (ಕೊಬ್ಬು, ಮೂಳೆ ಮುಂತಾದ ಕೋಶಗಳಾಗಬಲ್ಲವು) 1,024 ಚದರ ಮೈಕ್ರಾನಿನ ದ್ವೀಪದಲ್ಲಿ ಕೊಬ್ಬಿನ ಕೋಶದತ್ತ, 10,000 ಚದರ ಮೈಕ್ರಾನಿನದರಲ್ಲಿ ಮೂಳೆಯ ಕೋಶದತ್ತ ವಾಲಿದವು. ಪೋಷಕ ದ್ರವ ಎರಡಕ್ಕೂ ಒಂದೇ.

ಹೆಚ್ಚು ಬಳಕೆಯಲ್ಲಿರುವುದು ಮೊಹರು ಒತ್ತುವ ವಿಧಾನ. ಸಿಲಿಕಾನ್ ಬಿಲ್ಲೆಯ ಮೇಲೆ, ಬೆಳಕು ಬಿದ್ದ ಕಡೆ ಗಟ್ಟಿಯಾಗುವ ಎಸ್‌ಯು-8 ರೆಸಿಸ್ಟ್‌ನಿಂದ ಅಚ್ಚು ಮಾಡಿ, ಪಿಡಿಎಂಎಸ್ ಎಂಬ ರಬ್ಬರಿನಂಥ ಸಿಲಿಕೋನನ್ನು ಗಟ್ಟಿಮಾಡುವ ದ್ರವದ ಜೊತೆ 10:1 ತೂಕದಲ್ಲಿ ಬೆರೆಸಿ, ನಿರ್ವಾತದಲ್ಲಿ ಗುಳ್ಳೆ ತೆಗೆದು, ಅಚ್ಚಿನ ಮೇಲೆ ಸುರಿದು 60–70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಡಬೇಕು. ಸುಲಿದು ತೆಗೆದ ಮೊಹರಿನ ಮೇಲೆ ಮಿಲಿಲೀಟರಿಗೆ ಸುಮಾರು 50 ಮೈಕ್ರೋಗ್ರಾಂ ಫೈಬ್ರೊನೆಕ್ಟಿನ್ ದ್ರಾವಣವನ್ನು ಒಂದು ಗಂಟೆ ನಿಲ್ಲಿಸಿ, ಹೀರಿ ತೆಗೆದು ಒಣಗಿಸಬೇಕು. ತೇವ ಉಳಿದರೆ ಪ್ರೋಟೀನು ಒತ್ತುವಾಗ ಅಂಚಿನಾಚೆ ಹರಿಯುತ್ತದೆ. ಬಿಗಿಯಾಗಿ ಒತ್ತಿದರೆ, ಅಥವಾ ಮೊಹರಿನ ಉಬ್ಬು ಕಂಬಗಳು ಕುಳ್ಳಗಿದ್ದು ನಡುವಿನ ಅಂತರ ಅಗಲವಾಗಿದ್ದರೆ, ಮೊಹರಿನ ತಳ ಕುಸಿದು ಖಾಲಿ ಇರಬೇಕಾದ ಕಡೆಯೂ ಮುದ್ರೆ ಬೀಳುತ್ತದೆ.

ಒದ್ದೆ ಜೆಲ್ಲಿನ ಮೇಲೆ ನೇರ ಒತ್ತಿದರೆ ಮುದ್ರೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಮೊದಲು ತೆಳು ಗಾಜಿಗೆ ಒತ್ತಿ, ಆ ಗಾಜಿಗೂ ಸಿಲೇನ್ (ಜೆಲ್ಲನ್ನು ಗಾಜಿಗೆ ಅಂಟಿಸುವ ರಾಸಾಯನಿಕ) ಹಚ್ಚಿದ ಇನ್ನೊಂದು ಗಾಜಿಗೂ ನಡುವೆ ಅಕ್ರಿಲಮೈಡ್ ದ್ರಾವಣವನ್ನು ಎಪಿಎಸ್, ಟೆಮೆಡ್ ಎಂಬ ಹೆಪ್ಪುಗಟ್ಟಿಸುವ ರಾಸಾಯನಿಕಗಳನ್ನು ಸೇರಿಸಿ ಹೆಪ್ಪುಗಟ್ಟಿಸುತ್ತಾರೆ. ಮುದ್ರೆ ಒತ್ತಿದ ಗಾಜು ಸುಲಿದಾಗ ಪ್ರೋಟೀನು ಜೆಲ್ಲಿಗೆ ಬಂದಿರುತ್ತದೆ. ದ್ರಾವಣದಲ್ಲಿ ಕರಗಿದ ಆಮ್ಲಜನಕ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಮೊದಲೇ ನಿರ್ವಾತದಲ್ಲಿಟ್ಟು ಅದನ್ನು ಹೊರತೆಗೆಯುವುದು ಒಳ್ಳೆಯದು. ಪಾಲಿಅಕ್ರಿಲಮೈಡ್‌ಗೆ ಕೋಶ ತಾನಾಗಿ ಅಂಟುವುದಿಲ್ಲ, ಅದು ಅನುಕೂಲ. ಬರೀ ಗಾಜಿನ ಮೇಲೆ ಕೆಲಸ ಮಾಡುವವರು ಖಾಲಿ ಜಾಗವನ್ನು ಪಿಎಲ್ಎಲ್-ಪಿಇಜಿಯಂಥ, ಕೋಶ ಅಂಟದ ಪಾಲಿಮರ್ ಲೇಪದಿಂದ ಮುಚ್ಚಲೇಬೇಕು.

ಜೆಲ್ ನೀರಲ್ಲಿ ಉಬ್ಬಿದಾಗ ದ್ವೀಪವೂ ಹಿಗ್ಗುತ್ತದೆ. ಆದ್ದರಿಂದ ವರದಿಯಲ್ಲಿ ಕೊಡಬೇಕಾದದ್ದು ಮಾಸ್ಕಿನ (ಬೇಕಾದಲ್ಲಿ ಮಾತ್ರ ಬೆಳಕು ಬಿಡುವ ವಿನ್ಯಾಸದ ಹಾಳೆಯ) ಅಳತೆಯಲ್ಲ, ಉಬ್ಬಿದ ಮೇಲಿನದು.

ಜೆಲ್ಎಂಎ ಎಂಬ, ಬೆಳಕಿಗೆ ಗಟ್ಟಿಯಾಗುವ ಜೆಲ್ಲಿಗೆ ಮಾಸ್ಕಿನ ಮೂಲಕ ಬೆಳಕು ಹಾಯಿಸಿಯೂ ವಿನ್ಯಾಸ ಮಾಡಬಹುದು. ಆದರೆ ಅದು ಜೆಲಾಟಿನಿನಿಂದಾದದ್ದು, ಇಡೀ ಮೈಗೆ ಕೋಶ ಅಂಟುತ್ತದೆ. ಅಲ್ಲಿ ಸಿಗುವುದು ಕಾಲುವೆ, ಗುಂಡಿ, ದಿಬ್ಬಗಳ ಆಕಾರವೇ ಹೊರತು ಅಂಟುವ-ಅಂಟದ ಗಡಿಯಲ್ಲ.

ಕೋಶ ಹಾಕಿ ಅರ್ಧದಿಂದ ಒಂದು ಗಂಟೆಯೊಳಗೆ ಅಂಟದವನ್ನು ಮೆಲ್ಲಗೆ ತೊಳೆದುಬಿಡಿ. ದಿನ ಕಳೆದಂತೆ ಕೋಶಗಳು ತಮ್ಮದೇ ಪ್ರೋಟೀನು ಸುರಿಸಿ ಗಡಿ ದಾಟಬಹುದು. ಗಡಿ ಮಸುಕಾದರೆ ದೋಷ ಮುದ್ರೆಯದೋ ಕೋಶದ್ದೋ ತಿಳಿಯಲು, ಕೋಶ ಹಾಕುವ ಮೊದಲೇ ಹೊಳೆಯುವ ಬಣ್ಣ ಕಟ್ಟಿದ ಪ್ರೋಟೀನಿನಿಂದ ಒಂದು ಮಾದರಿ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿಡಬೇಕು.