ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್: ಆಪರೇಷನ್ನೋ, ಕರೆಂಟೋ, ಸುಮ್ನೆ ಬಿಡೋದೋ?

ಪ್ರಶ್ನೆ: ನಮ್ಮದು ಬ್ಯಾಡಗಿ ತಾಲೂಕಿನ ಹಳ್ಳಿ. ಅಪ್ಪನಿಗೆ 67 ವರ್ಷ, ಶುಗರ್ ಇದೆ. ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳುತ್ತಾರೆ ಅಂತ ತೋರಿಸಿದ್ವಿ. ಪಿಎಸ್‌ಎ (ಪ್ರಾಸ್ಟೇಟಿಗೆ ಮಾಡುವ ರಕ್ತ ಪರೀಕ್ಷೆ) 8.6 ಬಂತು. ಬಯಾಪ್ಸಿಯ 12 ತುಣುಕಿನಲ್ಲಿ 4ರಲ್ಲಿ ಕ್ಯಾನ್ಸರ್, ಗ್ಲೀಸನ್ 3+4=7 ಅಂತ ಬರೆದಿದ್ದಾರೆ. ಎಂಆರ್‌ಐನಲ್ಲಿ ಗ್ರಂಥಿಯ ಒಳಗೇ ಇದೆಯಂತೆ, ಬೋನ್ ಸ್ಕ್ಯಾನ್ ಕ್ಲಿಯರ್. ಹುಬ್ಬಳ್ಳಿಯ ಒಬ್ಬ ಡಾಕ್ಟರು ಆಪರೇಷನ್ ಮಾಡಿ ತೆಗೆದುಬಿಡೋಣ ಅಂತಾರೆ. ಇನ್ನೊಬ್ಬರು ಕರೆಂಟ್ (ರೇಡಿಯೇಶನ್) ಕೊಟ್ರೆ ಸಾಕು ಅಂತಾರೆ. ಬೆಂಗಳೂರಿನ ನಮ್ಮ ಭಾವ ಈ ವಯಸ್ಸಿಗೆ ಏನೂ ಬೇಡ, ಸುಮ್ನೆ ಬಿಡಿ ಅಂತಾರೆ. ಯಾರ ಮಾತು ಕೇಳಬೇಕು? ಅಪ್ಪನಿಗೆ ಇನ್ನೂ ಹೇಳಿಲ್ಲ. ಇನ್ಫೆಕ್ಷನ್ ಆಗಿದೆ ಅಂತ ಹೇಳಿದ್ದೇವೆ.

ಉತ್ತರ: ಮೂವರಲ್ಲಿ ಯಾರೂ ನಿಮಗೆ ಸುಳ್ಳು ಹೇಳುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಹೀಗೆ ಕೇಳುವವರ ಮನಸ್ಸಿನಲ್ಲಿ ‘ಇವರಲ್ಲಿ ಯಾರೋ ದುಡ್ಡಿಗೆ ಹೇಳ್ತಿದ್ದಾರೆ’ ಅನ್ನೋ ಅನುಮಾನ ಇದ್ದೇ ಇರುತ್ತದೆ. ಆಪರೇಷನ್ ಮಾಡುವವರಿಗೆ ಆಪರೇಷನ್ ಮೇಲೆ ನಂಬಿಕೆ ಜಾಸ್ತಿ, ಕರೆಂಟ್ ಕೊಡುವವರಿಗೆ ಕರೆಂಟ್ ಮೇಲೆ. ಅಷ್ಟೇ. ನಾನು ಗದಗದಲ್ಲಿ ಕೂತು ಜ್ವರ, ಬಿಪಿ, ಶುಗರ್ ನೋಡುವ ಸಾದಾ ಡಾಕ್ಟರು. ಎರಡನ್ನೂ ಮಾಡುವವನಲ್ಲ. ಆದರೆ ಎರಡನ್ನೂ ಮಾಡಿಸಿಕೊಂಡವರು ಆಮೇಲೆ ಬಿಪಿ ಗುಳಿಗೆಗೆ ನನ್ನ ಹತ್ತಿರವೇ ಬರುತ್ತಾರೆ. ಅವರು ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತಾರೆ.

ಮೊದಲು ರಿಪೋರ್ಟ್ ನೋಡೋಣ. ಪ್ರಾಸ್ಟೇಟ್ ಅಂದ್ರೆ ಮೂತ್ರಚೀಲದ ಕೆಳಗೆ ಕೂತಿರುವ ಒಂದು ಗ್ರಂಥಿ, ಸಿಪ್ಪೆ ಸುಲಿಯದ ಅಡಿಕೆಕಾಯಿಯಷ್ಟು. ಅದರ ನಡುವಿನಿಂದಲೇ ಮೂತ್ರದ ನಾಳ ಹಾದುಹೋಗುತ್ತದೆ. ವಯಸ್ಸಾದಂತೆ ಈ ಗ್ರಂಥಿ ಸುಮ್ನೆ ದಪ್ಪ ಆಗುವುದುಂಟು. ಆಗ ಮೂತ್ರದ ದಾರಿ ಒತ್ತಿದಂತಾಗಿ ಒಂದಕ್ಕೆ ಪದೇಪದೇ ಏಳಬೇಕಾಗುತ್ತದೆ. ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಸಾಮಾನ್ಯವಾಗಿ ಗ್ರಂಥಿಯ ಹೊರ ಅಂಚಿನಲ್ಲಿ ಶುರುವಾಗುತ್ತದೆ, ಮೊದಮೊದಲು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅಂದ್ರೆ ನಿಮ್ಮ ಅಪ್ಪ ರಾತ್ರಿ ಏಳುತ್ತಿರುವುದಕ್ಕೆ ಕಾರಣ ಬಹುಶಃ ದಪ್ಪ ಆದ ಗ್ರಂಥಿ, ಜೊತೆಗೆ ಶುಗರ್. ಅದನ್ನು ನೋಡಲು ಹೋದಾಗ ಕ್ಯಾನ್ಸರ್ ಸಿಕ್ಕಿದೆ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿರಲಿ.

ಗ್ಲೀಸನ್ ಅನ್ನೋದು ಕ್ಯಾನ್ಸರ್ ಎಷ್ಟು ಒರಟು ಅಂತ ಹೇಳುವ ಲೆಕ್ಕ. ಈಗ 6ರಿಂದ 10ರವರೆಗೆ ಕೊಡುತ್ತಾರೆ. ಜಾಸ್ತಿ ಭಾಗ ಯಾವ ಥರದ್ದೋ ಅದು ಮೊದಲ ಅಂಕಿ, ಅದರ ನಂತರದ್ದು ಎರಡನೆಯ ಅಂಕಿ. 3+4 ಅಂದ್ರೆ ಹೆಚ್ಚಿನದು ಮೆತ್ತಗಿನದು, ಸ್ವಲ್ಪ ಮಾತ್ರ ಒರಟು. 4+3 ಕೂಡಿಸಿದರೂ 7ಏ, ಆದರೆ ಅದು ಬೇರೆ ಮಾತು. ಅದಕ್ಕೇ ಫೋನಿನಲ್ಲಿ ಯಾರಾದರೂ ‘ಏಳಂತೆ’ ಅಂದ್ರೆ, ಹೇಗೆ ಏಳು ಅಂತ ನಾನು ಕೇಳುತ್ತೇನೆ. ಪಿಎಸ್‌ಎ 10ರ ಒಳಗೆ, ಗ್ಲೀಸನ್ 3+4, ಗ್ರಂಥಿಯ ಒಳಗೇ ಇದೆ. ಇದನ್ನು ನಡುವಿನ ಅಪಾಯದ ಗುಂಪು ಅನ್ನುತ್ತಾರೆ. ವಾಸಿ ಮಾಡಲು ಬರುವ ಗುಂಪು. ಅವಸರವಿಲ್ಲದ ಗುಂಪು ಕೂಡ. ಬಯಾಪ್ಸಿಯ ಊತ ಇಳಿಯಲಿ ಅಂತ ಆಪರೇಷನ್ನಿಗೆ ಹೇಗೂ ಆರು ವಾರ ಬಿಡುತ್ತಾರೆ. ಬಯಾಪ್ಸಿಯಲ್ಲಿ ಸೂಜಿ ಚುಚ್ಚಿದ್ದರಿಂದ ಅದು ಹರಡುತ್ತದೆ ಅಂತ ಊರಲ್ಲಿ ಯಾರಾದರೂ ಹೇಳಿದರೆ ತಲೆಗೆ ಹಾಕಿಕೊಳ್ಳಬೇಡಿ.

ಈಗ ಅಸಲು ಪ್ರಶ್ನೆ. ಯಾವುದು ಮಾಡಿಸಿದರೆ ಅಪ್ಪ ಜಾಸ್ತಿ ಬದುಕುತ್ತಾರೆ?

ಬ್ರಿಟನ್ನಿನಲ್ಲಿ ಪ್ರೊಟೆಕ್ಟ್ ಅನ್ನೋ ಹೆಸರಿನ ದೊಡ್ಡ ಅಧ್ಯಯನ ನಡೆಯಿತು. ಗ್ರಂಥಿಯ ಒಳಗೇ ಕ್ಯಾನ್ಸರ್ ಇದ್ದ, 50ರಿಂದ 69 ವಯಸ್ಸಿನ 1,643 ಗಂಡಸರು. ಚೀಟಿ ಎತ್ತಿದ ಹಾಗೆ ಅವರನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಆಪರೇಷನ್, ಒಂದಕ್ಕೆ ರೇಡಿಯೇಶನ್, ಒಂದು ಪಾಲಿಗೆ ಬರೀ ಪರೀಕ್ಷೆ ಮಾಡುತ್ತಾ ಕಾಯುವುದು. 15 ವರ್ಷದ ಲೆಕ್ಕ 2023ರಲ್ಲಿ ಬಂತು. ಮೂರೂ ಪಾಲಿನಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು 100ಕ್ಕೆ 2-3 ಜನ. ಅಂಥ ವ್ಯತ್ಯಾಸವೇ ಇಲ್ಲ! ಕಾದವರ ಪಾಲಿನಲ್ಲಿ ಕ್ಯಾನ್ಸರ್ ಬೇರೆ ಕಡೆ ಹರಡಿದ್ದು ಸುಮಾರು ಎರಡರಷ್ಟು ಜಾಸ್ತಿ, 100ಕ್ಕೆ 9 ಜನರಲ್ಲಿ. ಆಪರೇಷನ್, ರೇಡಿಯೇಶನ್ ಎರಡರಲ್ಲೂ 100ಕ್ಕೆ 5ರ ಆಸುಪಾಸು. ಇನ್ನೊಂದು ಮಾತು, ಕಾಯುವ ಪಾಲಿನಲ್ಲಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಮೇಲೆ ಯಾವುದಾದರೂ ಒಂದು ಚಿಕಿತ್ಸೆ ತೆಗೆದುಕೊಂಡರು.

ಆ ಅಧ್ಯಯನದವರಿಗೆಲ್ಲ ಕಾಯಿಲೆ ಗೊತ್ತಾಗಿದ್ದು ಅವರನ್ನು ಕರೆದು ಪಿಎಸ್‌ಎ ಮಾಡಿದಾಗ. ಹೆಚ್ಚಿನವರದ್ದು ಮೆತ್ತಗಿನ ಕ್ಯಾನ್ಸರ್. ನಮ್ಮ ಕಡೆ ಎಷ್ಟೋ ಜನ ಬರುವುದು ಸೊಂಟದ ಮೂಳೆ ನೋಯಲು ಶುರುವಾದ ಮೇಲೆ. ಅವರಿಗೆ ಈ ಲೆಕ್ಕ ನಡೆಯುವುದಿಲ್ಲ. ನಿಮ್ಮ ಅಪ್ಪನಿಗೆ ಬಹುಮಟ್ಟಿಗೆ ನಡೆಯುತ್ತದೆ.

ಹಾಗಾದರೆ ಆರಿಸೋದು ಯಾವುದರ ಮೇಲೆ? ಯಾವ ತೊಂದರೆಯನ್ನು ನಿಮ್ಮ ಅಪ್ಪ ತಡೆದುಕೊಳ್ಳಬಲ್ಲರು ಅನ್ನೋದರ ಮೇಲೆ.

ಆಪರೇಷನ್ ಅಂದ್ರೆ ಇಡೀ ಗ್ರಂಥಿ ತೆಗೆದು, ಮೂತ್ರಚೀಲವನ್ನು ನಾಳಕ್ಕೆ ಸೇರಿಸಿ ಹೊಲಿಯುವುದು. ಒಂದೆರಡು ವಾರ ಪೈಪ್ ಇರುತ್ತದೆ. ಪೈಪ್ ತೆಗೆದ ದಿನವೇ ಎಲ್ಲ ಸರಿಹೋಯ್ತು ಅಂದುಕೊಂಡು ಬರುವವರೇ ಜಾಸ್ತಿ. ಅಸಲಿಗೆ ಕಷ್ಟ ಶುರುವಾಗೋದೇ ಅಲ್ಲಿಂದ. ಕೆಮ್ಮಿದರೆ ಸೋರುತ್ತದೆ, ಕುರ್ಚಿಯಿಂದ ಎದ್ದರೆ ಸೋರುತ್ತದೆ. ಆ ಅಧ್ಯಯನದಲ್ಲಿ ಆಪರೇಷನ್ ಆದ 6 ತಿಂಗಳಿಗೆ ಪ್ಯಾಡ್ ಹಾಕುತ್ತಿದ್ದವರು 100ಕ್ಕೆ 46 ಜನ. 6 ವರ್ಷಕ್ಕೆ ಅದು 17ಕ್ಕೆ ಇಳಿದಿತ್ತು. ರೇಡಿಯೇಶನ್ ಪಾಲಿನಲ್ಲಿ 4. ನನ್ನ ಹತ್ತಿರ ಬರುವ ಒಬ್ಬ ಹಿರಿಯರು ಮೊದಲೆರಡು ತಿಂಗಳು ಗುಡಿಗೆ ಹೋಗುವುದನ್ನೇ ಬಿಟ್ಟಿದ್ದರು. ಯಾಕೆ ಅಂತ ಕೇಳಿದರೆ ಹೇಳಲಿಲ್ಲ. ಕೊನೆಗೆ ಅವರ ಹೆಂಡತಿ ಹೇಳಿದರು, ‘ಧೋತರದಾಗ ಪ್ಯಾಡ್ ನಿಂದರಂಗಿಲ್ರಿ ಡಾಕ್ಟ್ರ.’ ಬಿಗಿಯಾದ ಚಡ್ಡಿ ಒಳಗೆ ಹಾಕಿಕೊಂಡು ಮೇಲೆ ಧೋತರ ಉಡಿ ಅಂದೆ. ಇಷ್ಟು ಸಣ್ಣ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೂಸು ತಡೆಯುವಾಗ ಹಿಂದೆ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುವಿನ ವ್ಯಾಯಾಮವನ್ನು ಆಪರೇಷನ್ನಿಗೆ ಮುಂಚೆಯೇ ಶುರು ಮಾಡಿದರೆ ಒಳ್ಳೆಯದು.

ರೋಬೋಟ್ ಬಗ್ಗೆಯೂ ಕೇಳುತ್ತಾರೆ. ಸಣ್ಣ ರಂಧ್ರ, ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಬರಬಹುದು. ಅದು ನಿಜ. ಆದರೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರೋಬೋಟ್ ಆಪರೇಷನ್ನನ್ನೂ ಹೊಟ್ಟೆ ತೆರೆದು ಮಾಡುವುದನ್ನೂ ಹೋಲಿಸಿದಾಗ, ಎರಡು ವರ್ಷದ ನಂತರ ಮೂತ್ರದ ಹಿಡಿತ, ಲೈಂಗಿಕ ಶಕ್ತಿ ಎರಡೂ ಹೆಚ್ಚುಕಡಿಮೆ ಒಂದೇ ಇತ್ತು. ಮೆಷಿನ್ ಯಾವುದು ಅನ್ನೋದಕ್ಕಿಂತ, ಆ ಡಾಕ್ಟರು ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತಾರೆ ಅಂತ ಕೇಳಿ. ಕೇಳಲು ಸಂಕೋಚ ಬೇಡ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಅಲ್ವಾ?

ಕರೆಂಟ್ ಅಂದ್ರೆ ರೇಡಿಯೇಶನ್. ಈ ಹೆಸರು ಯಾರು ಇಟ್ಟರೋ, ಎಷ್ಟೋ ಜನ ಶಾಕ್ ಹೊಡೆಯುತ್ತದೆ ಅಂತಲೇ ಹೆದರಿರುತ್ತಾರೆ. ಏನೂ ಇಲ್ಲ. ಎಕ್ಸ್‌ರೇ ತೆಗೆದ ಹಾಗೆ ಮಲಗಬೇಕು, ನೋವಿಲ್ಲ, ಹತ್ತಿಪ್ಪತ್ತು ನಿಮಿಷಕ್ಕೆ ಹೊರಗೆ. ಈಗ ಬಹಳ ಕಡೆ 20 ಸಿಟ್ಟಿಂಗ್, ವಾರಕ್ಕೆ ಐದು ದಿನದಂತೆ ನಾಲ್ಕು ವಾರ. ಕೆಲವು ಕಡೆ 5 ಸಿಟ್ಟಿಂಗಿಗೇ ಮುಗಿಸುತ್ತಾರೆ. ಕಷ್ಟ ಇರೋದು ಬೇರೆ ಕಡೆ. ಪ್ರತಿ ಸಲ ಮೂತ್ರಚೀಲ ತುಂಬಿರಬೇಕು. ತುಂಬಿದ್ದರೆ ಕರುಳು ಮೇಲೆ ಸರಿದಿರುತ್ತದೆ, ಅದಕ್ಕೆ ಏಟು ಬೀಳುವುದಿಲ್ಲ. ಅದಕ್ಕೇ ಒಂದಕ್ಕೆ ಹೋಗಿ ಬಂದು, ಅರ್ಧ ಲೀಟರಿನಷ್ಟು ನೀರು ಕುಡಿದು, ಅರ್ಧ ಮುಕ್ಕಾಲು ತಾಸು ತಡೆದು ಕೂರಬೇಕು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ನಿಮ್ಮೂರಿಂದ ದಿನಾ ಓಡಾಡುವುದಾದರೆ ಹಾವೇರಿ ಬಸ್ಸು ಇಳಿದು ಚಿಗರಿ (ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಬಸ್ಸು) ಹತ್ತಬೇಕು. ನೀರನ್ನು ಆಸ್ಪತ್ರೆ ಮುಟ್ಟಿದ ಮೇಲೇ ಕುಡಿಸಿ. ಬಸ್ಸಿನಲ್ಲಿ ಕುಡಿದು ಉಣಕಲ್ ಕೆರೆ ಹತ್ತಿರ ಒದ್ದಾಡಿದವರ ಕಥೆ ನನಗೆ ಗೊತ್ತು. ನಾಲ್ಕು ವಾರದ ಮಟ್ಟಿಗೆ ಹುಬ್ಬಳ್ಳಿಯಲ್ಲಿ ಯಾರಾದರೂ ನೆಂಟರ ಮನೆ ಇದ್ದರೆ ಅಲ್ಲೇ ಇರುವುದು ವಾಸಿ.

ರೇಡಿಯೇಶನ್ನಿನ ತೊಂದರೆ ನಿಧಾನಕ್ಕೆ ಬರುವಂಥದ್ದು. ಮೂತ್ರ ಉರಿ, ಅವಸರ. ಕೆಲವರಿಗೆ ತಿಂಗಳು ವರ್ಷ ಕಳೆದ ಮೇಲೆ ಎರಡಕ್ಕೆ ಹೋದಾಗ ರಕ್ತ. ಗ್ರಂಥಿ ದಪ್ಪ ಇದ್ದು ಮೊದಲೇ ಮೂತ್ರ ಸಲೀಸಾಗಿ ಹೋಗದವರಿಗೆ ಇದು ಇನ್ನೂ ಬಿಗಿಯಾಗಬಹುದು. ಆಪರೇಷನ್ ಆದರೆ ಅದೇ ಅಡ್ಡಿ ತಾನಾಗಿ ಹೋಗಿಬಿಡುತ್ತದೆ. ಮೊದಲು ಹೇಳಿದ ಆ ರಾತ್ರಿ ಏಳುವ ಮಾತು ಕೆಲಸಕ್ಕೆ ಬರುವುದು ಇಲ್ಲಿ. ಗ್ರಂಥಿ ಎಷ್ಟು ದೊಡ್ಡದು, ಒಂದಕ್ಕೆ ಹೋದ ಮೇಲೆ ಮೂತ್ರ ಎಷ್ಟು ಉಳಿಯುತ್ತದೆ ಅಂತ ಸ್ಕ್ಯಾನಿನಲ್ಲಿ ನೋಡಿಸಿ, ಅದನ್ನು ಮುಂದಿಟ್ಟು ಇಬ್ಬರು ಡಾಕ್ಟರನ್ನೂ ಕೇಳಿ. ಇನ್ನೊಂದು ಲೆಕ್ಕ: ಆಪರೇಷನ್ ಆದ ಮೇಲೆ ಕ್ಯಾನ್ಸರ್ ಮರಳಿದರೆ ರೇಡಿಯೇಶನ್ ಕೊಡಬಹುದು. ರೇಡಿಯೇಶನ್ ಆದ ಜಾಗದಲ್ಲಿ ಆಮೇಲೆ ಆಪರೇಷನ್ ಮಾಡುವುದು ಬಹಳ ಕಷ್ಟ.

ರೇಡಿಯೇಶನ್ ಜೊತೆಗೆ ನಾಲ್ಕರಿಂದ ಆರು ತಿಂಗಳು ಹಾರ್ಮೋನ್ ಇಂಜೆಕ್ಷನ್ ಹೇಳಬಹುದು. ಗಂಡಸಿನ ಹಾರ್ಮೋನ್ ಈ ಕ್ಯಾನ್ಸರಿಗೆ ಗೊಬ್ಬರ ಇದ್ದ ಹಾಗೆ, ಅದನ್ನು ನಿಲ್ಲಿಸುವುದು ಉದ್ದೇಶ. ಮೈ ಬಿಸಿಯೇರುತ್ತದೆ, ಸುಸ್ತು, ತೂಕ ಏರುತ್ತದೆ, ಶುಗರ್ ಕೂಡ ಏರುತ್ತದೆ. ನಿಮ್ಮ ಅಪ್ಪನಿಗೆ ಶುಗರ್ ಇರುವುದರಿಂದ ಇದನ್ನು ಕೇಳಿಯೇ ಮುಂದೆ ಹೋಗಿ. ಕಾಯಿಲೆ ಹರಡಿದವರಿಗೆ ಇಂಜೆಕ್ಷನ್ ಬದಲು ಬೀಜ ತೆಗೆಯುವ ಸಣ್ಣ ಆಪರೇಷನ್ನನ್ನೂ ಹೇಳುತ್ತಾರೆ, ಒಂದೇ ಸಲದ ಖರ್ಚು ಅಂತ. ಅದನ್ನು ಕೇಳಿ ಒಬ್ಬ ರೈತರು ನನ್ನನ್ನೇ ನೋಡಿ, ‘ಅಂದ್ರ ನನ್ನ ಎತ್ತು ಮಾಡ್ತಾರೇನ್ರಿ?’ ಅಂದಿದ್ದರು. ನಿಮ್ಮ ಅಪ್ಪನಿಗೆ ಆ ಮಾತು ಈಗ ಬರುವುದಿಲ್ಲ.

ನಿಮ್ಮ ಭಾವ ಹೇಳಿದ್ದರಲ್ಲೂ ಸತ್ಯ ಇದೆ, ಆದರೆ ಅರ್ಧ. ಗ್ಲೀಸನ್ 6 ಇದ್ದಿದ್ದರೆ ನಾನೂ ಅದನ್ನೇ ಮೊದಲು ಹೇಳುತ್ತಿದ್ದೆ. ‘ಸುಮ್ನೆ ಬಿಡೋದು’ ಅಂದ್ರೆ ಮರೆತುಬಿಡೋದಲ್ಲ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ಆಗಾಗ ಎಂಆರ್‌ಐ, ಮತ್ತೆ ಬಯಾಪ್ಸಿ. 3+4ರಲ್ಲಿ ಒರಟು ಭಾಗ ತೀರಾ ಕಡಿಮೆ ಇದ್ದರೆ ಕೆಲವರಿಗೆ ಇದೂ ನಡೆಯುತ್ತದೆ. ನಾಲ್ಕು ತುಣುಕಿನಲ್ಲಿ ಸಿಕ್ಕಿರುವಾಗ, 67ಕ್ಕೆ ಗಟ್ಟಿಯಾಗಿರುವ ಮನುಷ್ಯನಿಗೆ ನನ್ನ ಮನಸ್ಸು ಚಿಕಿತ್ಸೆ ಕಡೆಗೇ ವಾಲುತ್ತದೆ. ಆದರೆ ಆ 4 ಅನ್ನೋ ಒರಟು ಭಾಗ ನೂರಕ್ಕೆ ಎಷ್ಟು ಅಂತ ರಿಪೋರ್ಟಿನಲ್ಲಿ ಬರೆದಿದೆಯಾ ನೋಡಿ. ಬಯಾಪ್ಸಿಯ ಸ್ಲೈಡು, ಬ್ಲಾಕು ಲ್ಯಾಬಿನಿಂದ ಕೇಳಿ ಪಡೆದು ಇನ್ನೊಬ್ಬ ಪೆಥಾಲಜಿಸ್ಟ್ ಹತ್ತಿರ ಓದಿಸಬಹುದು. ಓದುವವರು ಬದಲಾದರೆ ಅಂಕಿಯೂ ಬದಲಾಗುವುದುಂಟು.

ಖರ್ಚಿನ ಮಾತು ಒಂದೇ ಸಾಲು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಅಡ್ಮಿಟ್ ಆಗುವ ಮುಂಚೆಯೇ ಸರ್ಕಾರಿ ಆಸ್ಪತ್ರೆಯ ರೆಫರಲ್ ವಿಚಾರಿಸಿಕೊಳ್ಳಿ.

ಈಗ ನೀವು ಕೇಳದೇ ಬಿಟ್ಟ ಮಾತು. ಸೋರುವುದು ತಡೆಯಲು ಆಗುತ್ತದಾ, ದಿನಾ ಬಸ್ಸಿನಲ್ಲಿ ಓಡಾಡಲು ಆಗುತ್ತದಾ, ಇವನ್ನೆಲ್ಲ ಹೇಳಬೇಕಾದವರು ಯಾರು? ನಿಮಿರುವಿಕೆಯ ವಿಷಯವೂ ಇದೆ. ಎರಡೂ ಚಿಕಿತ್ಸೆಯಲ್ಲಿ ಅದು ಕಡಿಮೆಯಾಗುತ್ತದೆ, ಆಪರೇಷನ್ನಿನಲ್ಲಿ ಜಾಸ್ತಿ ಮತ್ತು ಬೇಗ. ‘ಈ ವಯಸ್ಸಿಗೆ ಅದೆಲ್ಲ ಎಲ್ಲಿ’ ಅಂತ ಮಕ್ಕಳು ತೀರ್ಮಾನ ಮಾಡಿಬಿಡುತ್ತಾರೆ. ನನ್ನ ಹತ್ತಿರ ಬಾಗಿಲು ಹಾಕಿ ಕೇಳುವವರಲ್ಲಿ 70 ದಾಟಿದವರೂ ಇದ್ದಾರೆ. ಇದನ್ನು ನೀವು ಅಪ್ಪನ ಪರವಾಗಿ ಹೇಗೆ ಉತ್ತರಿಸುತ್ತೀರಿ?

ಅವರಿಗೆ ಹೇಳಿ. ‘ಹೇಳಿದ್ರ ಎದಿ ಒಡ್ಕೋತಾರ’ ಅಂತ ಪ್ರತಿ ಮನೆಯವರೂ ನನಗೆ ಹೇಳುತ್ತಾರೆ. ಅಪ್ಪಂದಿರು ಬೇರೆಯೇ ಹೇಳುತ್ತಾರೆ. ಹಿಂದೊಮ್ಮೆ ಒಬ್ಬರು, ಮಗ ಔಷಧಿ ಅಂಗಡಿಗೆ ಹೋದಾಗ, ಮೆಲ್ಲಗೆ ಅಂದರು: ‘ನವನಗರಕ್ಕ ಕರ್ಕೊಂಡು ಹೋಗಿದ್ರು. ಬೋರ್ಡ್ ಓದಾಕ ಬರ್ತೈತಿ ನನಗ.’ ಎರಡು ತಿಂಗಳಿಂದ ಮಗನಿಗೆ ನೋವಾಗುತ್ತದೆ ಅಂತ ಅವರೂ ಗೊತ್ತಿಲ್ಲದವರ ಹಾಗೆ ಇದ್ದರು. ಒಂದೇ ಸಲ ಎಲ್ಲ ಹೇಳಬೇಕಾಗಿಲ್ಲ. ‘ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡಿದೆ, ಹರಡಿಲ್ಲ, ಎರಡು ದಾರಿ ಇವೆ, ನಿನ್ನ ಮನಸ್ಸು ಏನು ಅಂತ ಕೇಳಬೇಕು’ ಇಷ್ಟು ಸಾಕು. ಅವ್ವನೂ ಪಕ್ಕದಲ್ಲಿರಲಿ. ಮೆಣಸಿನಕಾಯಿ ಪೇಟೆಗೆ ಹಾಕಿದ ಮೇಲೆ ನೋಡೋಣ ಅಂತ ಅವರು ಅಂದರೆ ಬೈಯಬೇಡಿ. ಕೆಲವು ವಾರ ತಡವಾದರೆ ಈ ಕಾಯಿಲೆಗೆ ಏನೂ ಆಗುವುದಿಲ್ಲ. ತಾರೀಖು ಮಾತ್ರ ಡಾಕ್ಟರಿಗೆ ಹೇಳಿ ಬರೆಸಿಡಿ. ಆಮೇಲೆ ಅವರನ್ನು ಕರೆದುಕೊಂಡು ಇಬ್ಬರು ಡಾಕ್ಟರ ಹತ್ತಿರವೂ ಇನ್ನೊಮ್ಮೆ ಹೋಗಿ, ಈ ಸಲ ಅವರೇ ಕೇಳಲಿ.

ಪತ್ರದ ಕೊನೆಗೆ ನೀವು ‘ನನಗೂ ಬರುತ್ತಾ?’ ಅಂತ ಬರೆದು ಹೊಡೆದುಹಾಕಿದ್ದೀರಿ. ಅಕ್ಷರ ಕಾಣುತ್ತಿದೆ. ಅಪ್ಪನಿಗೆ ಇದ್ದರೆ ಮಗನಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡರಷ್ಟು. 45ರ ಹೊತ್ತಿಗೆ ಡಾಕ್ಟರ ಹತ್ತಿರ ಕೂತು ಪಿಎಸ್‌ಎ ಬಗ್ಗೆ ಮಾತಾಡಿ. ಅದು ಬರೀ ರಕ್ತ ಪರೀಕ್ಷೆ. ನಿಮ್ಮ ತಮ್ಮ ಇದ್ದರೆ ಅವನಿಗೂ ಹೇಳಿ.