ಗಿಡದ ಹೆಸರು ಒಂದೇ, ಎಣ್ಣೆ ಮಾತ್ರ ಬೇರೆ ಬೇರೆ

ಎಸೆನ್ಷಿಯಲ್ ಆಯಿಲ್, ಅಂದ್ರೆ ಗಿಡದಿಂದ ತೆಗೆಯೋ ಸುವಾಸನೆ ಎಣ್ಣೆ, ಟೆಸ್ಟ್ ಮಾಡೋ ನಮ್ಮಂಥೋರಿಗೆ ಜನ ಯಾವಾಗ್ಲೂ ಕೇಳೋದು ಒಂದೇ, ಯಾವ ದೇಶದ ಎಣ್ಣೆ ಒಳ್ಳೇದು ಅಂತ. ದೇಶದ ಹೆಸರಿಂದ ಅದನ್ನ ಹೇಳಕ್ಕಾಗಲ್ಲ ಕಣ್ರೀ. ಬೆಳೆದ ಜಾಗ ಎಣ್ಣೆ ಮೇಲೆ ಎರಡು ಥರ ಕೆಲಸ ಮಾಡತ್ತೆ, ಆ ಎರಡನ್ನೂ ಕಲಸಿಬಿಟ್ರೆ ಲೆಕ್ಕ ತಪ್ಪತ್ತೆ.

ಒಂದು, ಆ ಜಾಗದಲ್ಲಿ ಯಾವ ಬಗೆ ಗಿಡ ಉಳ್ಕೊಳತ್ತೆ ಅನ್ನೋದು. ದಕ್ಷಿಣ ಫ್ರಾನ್ಸಲ್ಲಿ ಮಾಂಪೆಲಿಯೆ ಊರಿನ ಹತ್ರ ಥೈಮ್ ಅನ್ನೋ ಪರಿಮಳದ ಗಿಡ ತಾನಾಗೇ ಬೆಳೆಯತ್ತೆ, ನೋಡಕ್ಕೆ ಎಲ್ಲಾ ಒಂದೇ, ಆದ್ರೆ ಎಣ್ಣೇಲಿ ಯಾವ ಅಂಶ ಮುಖ್ಯ ಅಂತ ನೋಡಿದ್ರೆ ಆರು ಬಗೆ, ಇದನ್ನೇ ಕೀಮೋಟೈಪ್ ಅನ್ನೋದು. ಅಲ್ಲಿ ಸುತ್ತ ಗುಡ್ಡ ಇರೋ ಒಂದು ತಗ್ಗು ಇದೆ, ಚಳಿಗಾಲದಲ್ಲಿ ತಣ್ಣನೆ ಗಾಳಿ ಕೆಳಗಿಳಿದು ಅಲ್ಲೇ ನಿಂತ್ಬಿಡತ್ತೆ. ಥೈಮಾಲ್, ಕಾರ್ವಕ್ರಾಲ್ ಅನ್ನೋ ಅಂಶ ಮಾಡೋ ಗಿಡಗಳಿಗೆ ಆ ಹಿಮ ತಡ್ಕೊಳಕ್ಕಾಗಲ್ಲ, ಬೇಸಿಗೆಯ ಬರ ಮಾತ್ರ ಚೆನ್ನಾಗಿ ತಡ್ಕೊಳತ್ವೆ, ಹಂಗಾಗಿ ಅವು ಮೇಲಿನ ಒಣ ಇಳಿಜಾರಲ್ಲಿ, ಲಿನಲೂಲ್ ಅನ್ನೋ ಅಂಶ ಮಾಡೋವು ಕೆಳಗೆ ತಗ್ಗಲ್ಲಿ. ಮಧ್ಯೆ ಕೆಲವೇ ಕಿಲೋಮೀಟರ್! ಥೈಮಾಲ್ ಜಾಸ್ತಿ ಇರೋ ಎಣ್ಣೆ ಚರ್ಮ ಉರಿಸತ್ತೆ, ಲಿನಲೂಲ್‌ದು ಎಷ್ಟೋ ಮೆದು. ಈಚೆಗೆ ಆ ಕಡುಚಳಿ ಕಮ್ಮಿ ಆಗಿ ಮೇಲಿನ ಬಗೆಗಳು ತಗ್ಗಿಗೂ ಇಳೀತಿವೆ.

ಇದು ಜೀನ್ ವಿಷಯ, ಲಿನಲೂಲ್ ಗಿಡ ತಗೊಂಡೋಗಿ ಮೇಲೆ ನೆಟ್ರೆ ಅದೇನು ಥೈಮಾಲ್ ಗಿಡ ಆಗಲ್ಲ. ಕರ್ಪೂರದ ಮರಾನೂ ಇಂಥದ್ದೇ, ಜಪಾನ್, ತೈವಾನ್‌ದು ಕರ್ಪೂರಕ್ಕೇ ಹೆಸರುವಾಸಿ, ಮಡಗಾಸ್ಕರ್‌ಗೆ ಹೋಗಿ ನೆಲೆಸಿದ ಮರದ ಎಲೆ ಎಣ್ಣೇಲಿ ಕರ್ಪೂರ ಇಲ್ಲ ಅನ್ನೋಷ್ಟು ಕಮ್ಮಿ, ಅರ್ಧಕ್ಕಿಂತ ಜಾಸ್ತಿ ಸಿನಿಯೋಲ್ ಅನ್ನೋ ಬೇರೆ ಅಂಶ.

ಎರಡನೇದು, ಅದೇ ಗಿಡ, ಅದೇ ಜೀನ್, ಆದ್ರೆ ಬಿಸಿಲು, ರಾತ್ರಿ ತಂಪು, ನೀರು ಬದಲಾದ್ರೆ ಎಣ್ಣೇಲಿ ಪ್ರಮಾಣ ಬದಲಾಗೋದು. ಇದಕ್ಕೆ ಪೆಪ್ಪರ್‌ಮಿಂಟ್ ನೋಡಿ. ಈ ಪುದೀನ ಜಾತಿ ಗಿಡದ ಎಲೆ ಒಳಗೆ ಪುಲೆಗೋನ್ ಅಂತ ಒಂದು ಅಂಶ ತಯಾರಾಗತ್ತೆ, ಅಲ್ಲಿಂದ ದಾರಿ ಎರಡು: ಒಂದು ಮೆಂಥೋನ್ ಆಗಿ ಆಮೇಲೆ ಮೆಂಥಾಲ್, ನಮಗೆ ಬೇಕಾಗಿರೋದು ಇದೇ, ಇನ್ನೊಂದು ಮೆಂಥೋಫ್ಯೂರಾನ್, ಇದು ಜಾಸ್ತಿ ಆದ್ರೆ ಎಣ್ಣೆ ಗುಣ ಕಮ್ಮಿ. ಹಗಲು ಉದ್ದ ಇದ್ದು ಬೆಳಕು ಚೆನ್ನಾಗಿದ್ದು ರಾತ್ರಿ ತಂಪಾಗಿದ್ರೆ ಮೊದಲನೇ ದಾರಿ, ಹಗಲು ಚಿಕ್ಕದಾದ್ರೆ ಅಥವಾ ರಾತ್ರೀನೂ ಸೆಕೆ ಇದ್ರೆ ಪುಲೆಗೋನ್, ಮೆಂಥೋಫ್ಯೂರಾನ್ ಏರತ್ತೆ. ಅಮೆರಿಕದ ವಾಯವ್ಯದಲ್ಲಿ, ವಾಷಿಂಗ್ಟನ್, ಓರೆಗಾನ್ ಕಡೆ, ಈ ಬೆಳೆ ಬೇರೂರಿರೋದಕ್ಕೆ ಇದೂ ಒಂದು ಕಾರಣ. ಆದ್ರೆ ಅಲ್ಲೇ ಬೆಳೆದ್ರೂ ಹೂ ಪೂರ್ತಿ ಬಿಟ್ಟ ಮೇಲೆ ಕೊಯ್ದ್ರೆ ಮೆಂಥೋಫ್ಯೂರಾನ್ ಜಾಸ್ತಿನೇ ಬರತ್ತೆ, ಹೂವಲ್ಲಿ ಅದು ತುಂಬಿರತ್ತೆ, ಆಗ ಊರಿನ ಹೆಸರು ಇಟ್ಕೊಂಡು ಏನ್ಮಾಡೋದು?

ಹಂಗಾಗಿ ಬಾಟಲಿ ಮೇಲೆ ದೇಶದ ಹೆಸರೊಂದೇ ಇದ್ರೆ ನಾನು ಒಪ್ಪಲ್ಲ. ಸಸ್ಯಶಾಸ್ತ್ರೀಯ ಹೆಸರು, ಕೀಮೋಟೈಪ್, ಕೊಯ್ದ ಕಾಲ, ಜೊತೆಗೆ ಅದೇ ಬ್ಯಾಚ್‌ನ ಜಿಸಿ-ಎಂಎಸ್ ರಿಪೋರ್ಟ್, ಅಂದ್ರೆ ಎಣ್ಣೇಲಿ ಯಾವ ಅಂಶ ಎಷ್ಟಿದೆ ಅಂತ ಹೇಳೋ ಲ್ಯಾಬ್ ರಿಪೋರ್ಟ್, ಕೇಳಿ. ಹೋದ ವರ್ಷದ ಬ್ಯಾಚ್‌ದು ಕೊಟ್ರೆ ವಾಪಸ್ ಕೊಟ್ಬಿಡಿ, ಈ ಸಲದ ಮಳೆ ಬಿಸಿಲು ಅದರಲ್ಲಿ ಇರಲ್ಲ.