ಸೈಟ್ ಬಿದ್ದಿದೆ, ನನ್ನ ಪಾಸ್‌ವರ್ಡ್ ಹೋಯ್ತಾ?

ಪ್ರಶ್ನೆ: ನಾನು ಸ್ಟ್ರೀಟ್ ಫೈಟರ್, ಟೆಕ್ಕನ್ ಥರದ ಫೈಟಿಂಗ್ ಗೇಮ್ (ಇಬ್ಬರು ಎದುರುಬದುರಾಗಿ ಹೊಡೆದಾಡೋ ವಿಡಿಯೊ ಗೇಮ್) ಆಡ್ತೀನಿ. ನಮ್ಮಂಥ ಆಟಗಾರರು ಬಳಸುವ ಸೈಟ್‌ಗಳ ಮೇಲೆ ಆಗಾಗ ಸೈಬರ್ ದಾಳಿ ಆಗುತ್ತೆ, ಅದೂ ಟೂರ್ನಮೆಂಟ್ ದಿನಾನೇ. ಅಲ್ಲಿ ಇರೋದು ಪಂದ್ಯಗಳ ಪಟ್ಟಿ, ಫಲಿತಾಂಶ ಅಷ್ಟೇ. ದುಡ್ಡೇ ಇಲ್ಲದ ಕಡೆ ಯಾಕೆ ದಾಳಿ ಮಾಡ್ತಾರೆ? ನನ್ನ ಪಾಸ್‌ವರ್ಡ್ ಕೂಡ ಹೋಗಿರುತ್ತಾ?

ಉತ್ತರ: ಪಾಸ್‌ವರ್ಡ್ ವಿಷಯ ಮೊದಲು. ಸೈಟ್ ತೆರೆಯುತ್ತಿಲ್ಲ ಅಂದ ಮಾತ್ರಕ್ಕೆ ಪಾಸ್‌ವರ್ಡ್ ಹೋಗಿದೆ ಅಂತ ಅಲ್ಲ. ಸೈಟನ್ನು ಬೀಳಿಸುವುದು ಒಂದು ಕೆಲಸ, ಒಳಗೆ ನುಗ್ಗಿ ಕದಿಯುವುದು ಬೇರೆಯದೇ ಕೆಲಸ. ಸುದ್ದಿಯಲ್ಲಿ ಎರಡಕ್ಕೂ 'ಹ್ಯಾಕ್' ಎಂದೇ ಬರೆದುಬಿಡುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ಟೂರ್ನಮೆಂಟ್ ದಿನ ನೋಡಿಕೊಂಡು ಬರುವುದು ಸಾಮಾನ್ಯವಾಗಿ ಡಿಡಾಸ್ ದಾಳಿ, ಅಂದರೆ ಸುಳ್ಳು ವಿನಂತಿಗಳ ಪ್ರವಾಹ ಹರಿಸಿ ಸೈಟನ್ನು ಬೀಳಿಸುವುದು. ಬೆಳಗ್ಗೆ ಎಂಟು ಗಂಟೆಗೆ ಒಂದು ಸಣ್ಣ ದರ್ಶಿನಿ ಹೇಗಿರುತ್ತದೆ ಗೊತ್ತಲ್ಲ. ಅಲ್ಲಿಗೆ ಇನ್ನೂರು ಜನ ಬಂದು, ಕೌಂಟರ್‌ನಲ್ಲಿ 'ತಿನ್ನೋಕೆ ಏನಿದೆ' ಅಂತ ಕೇಳಿ, ಏನೂ ತಗೊಳ್ಳದೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರೆ? ನಿಜವಾಗಿ ಹಸಿದು ಬಂದವನಿಗೆ ಇಡ್ಲಿ ಸಿಗುವುದಿಲ್ಲ. ಆದರೆ ಗಲ್ಲಾಪೆಟ್ಟಿಗೆಗೆ ಯಾರೂ ಕೈ ಹಾಕಿಲ್ಲ. ಸರ್ವರ್‌ಗೆ ಆಗುವುದೂ ಇಷ್ಟೇ. ಸಾವಿರಾರು ಕಂಪ್ಯೂಟರ್, ರೂಟರ್, ಸಿಸಿಟಿವಿ ಕ್ಯಾಮೆರಾಗಳಿಂದ ಒಟ್ಟಿಗೆ ಸುಳ್ಳು ವಿನಂತಿಗಳು ಬರುತ್ತವೆ. ಆ ಸಾಧನಗಳ ಮಾಲೀಕರಿಗೆ ಇದರ ಸುಳಿವೂ ಇರುವುದಿಲ್ಲ.

ಇಲ್ಲಿ ಇನ್ನೊಂದು ವಿಷಯವಿದೆ. ಎಷ್ಟೋ ಸಲ ಸೈಟಿಗೆ ಕೊನೆಯ ಏಟು ಕೊಡುವುದು ದಾಳಿಕೋರನಲ್ಲ, ಸೈಟ್ ಇಟ್ಟಿರುವ ಹೋಸ್ಟಿಂಗ್ ಕಂಪನಿಯೇ. ಒಬ್ಬ ಗಿರಾಕಿಯ ಮೇಲೆ ಬಂದ ಪ್ರವಾಹದಿಂದ ಅದೇ ಜಾಲದಲ್ಲಿರುವ ಉಳಿದವರೂ ಮುಳುಗುತ್ತಾರೆ. ಹಾಗಾಗಿ ಕಂಪನಿ ಆ ಗಿರಾಕಿಯ ಐಪಿ ವಿಳಾಸಕ್ಕೆ (ಇಂಟರ್ನೆಟ್ಟಿನಲ್ಲಿ ಒಂದು ಯಂತ್ರವನ್ನು ಗುರುತಿಸುವ ಸಂಖ್ಯೆಗೆ) ಬರುವ ಸಂಚಾರವನ್ನೆಲ್ಲ, ಒಳ್ಳೆಯದು ಕೆಟ್ಟದ್ದು ನೋಡದೆ, ಎಸೆದುಬಿಡುತ್ತದೆ. ಈ ಕ್ಷೇತ್ರದವರು ಇದನ್ನು ಬ್ಲಾಕ್‌ಹೋಲ್ ಮಾಡುವುದು ಅನ್ನುತ್ತಾರೆ. ದಾಳಿ ಹತ್ತೇ ನಿಮಿಷಕ್ಕೆ ನಿಂತರೂ ಸೈಟ್ ಗಂಟೆಗಟ್ಟಲೆ ಬಾರದಿರುವುದಕ್ಕೆ ಇದೂ ಒಂದು ಕಾರಣ. ತಿಂಗಳಿಗೆ ಸ್ವಲ್ಪ ದುಡ್ಡು ಕಟ್ಟಿ, ಒಬ್ಬಿಬ್ಬರು ಬಿಡುವಿನಲ್ಲಿ ನಡೆಸುವ ಸೈಟಿಗೆ ಇದಕ್ಕಿಂತ ಹೆಚ್ಚಿನ ರಕ್ಷಣೆ ಸಿಗುವುದು ಕಷ್ಟ.

ಸರಿ, ದುಡ್ಡಿಲ್ಲದ ಜಾಗಕ್ಕೆ ಯಾಕೆ ಬರುತ್ತಾರೆ? ನನ್ನ ಪ್ರಕಾರ ಮುಖ್ಯ ಕಾರಣ, ದಾಳಿ ತೀರಾ ಅಗ್ಗ. ಅದನ್ನು ಬಾಡಿಗೆಗೆ ಕೊಡುವವರಿದ್ದಾರೆ. ಬೂಟರ್, ಸ್ಟ್ರೆಸರ್ ಅನ್ನುವ ಹೆಸರಿನಲ್ಲಿ, 'ನಿಮ್ಮ ಸರ್ವರ್ ಎಷ್ಟು ಭಾರ ತಡೆಯುತ್ತದೆ ಪರೀಕ್ಷಿಸಿಕೊಳ್ಳಿ' ಅನ್ನುವ ಮುಖವಾಡ ಹಾಕಿಕೊಂಡು ನಡೆಸುತ್ತಾರೆ. 2018ರ ಏಪ್ರಿಲ್‌ನಲ್ಲಿ ಯುರೋಪಿನ ಪೊಲೀಸರು ಮುಚ್ಚಿಸಿದ ವೆಬ್‌ಸ್ಟ್ರೆಸರ್ ಎಂಬ ಸೈಟಿನಲ್ಲಿ 1,36,000 ಜನ ಹೆಸರು ನೋಂದಾಯಿಸಿಕೊಂಡಿದ್ದರು. ಅಲ್ಲಿಂದ ನಡೆದಿದ್ದ ದಾಳಿಗಳು ಸುಮಾರು 40 ಲಕ್ಷ. ದರ ತಿಂಗಳಿಗೆ 15 ಯೂರೊದಿಂದ ಶುರು. ವಿಳಾಸ ಹಾಕು, ಸಮಯ ಹಾಕು, ಬಟನ್ ಒತ್ತು, ಅಷ್ಟೇ. ತಾಂತ್ರಿಕ ಜ್ಞಾನ ಬೇಕೇ ಇಲ್ಲ. ಹಿಂದಿನ ವಾರ ಮೊದಲ ಸುತ್ತಿನಲ್ಲೇ ಸೋತು, ನಿಷೇಧಕ್ಕೂ ಒಳಗಾದ ಹದಿನಾರರ ಹುಡುಗನ ಪಾಕೆಟ್ ಮನಿ ಇದಕ್ಕೆ ಸಾಕು.

ಗೇಮಿಂಗ್ ಲೋಕದಲ್ಲಿ ಈ ಅಂಗಡಿ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಲಿಜರ್ಡ್ ಸ್ಕ್ವಾಡ್ ಒಳ್ಳೆಯ ಉದಾಹರಣೆ. 2014ರ ಕ್ರಿಸ್‌ಮಸ್ ದಿನ ಈ ಗುಂಪು ಪ್ಲೇಸ್ಟೇಷನ್ ನೆಟ್‌ವರ್ಕ್ ಮತ್ತು ಎಕ್ಸ್‌ಬಾಕ್ಸ್ ಲೈವ್ ಎರಡನ್ನೂ ಬೀಳಿಸಿತು. ಉಡುಗೊರೆಯಾಗಿ ಬಂದ ಹೊಸ ಕನ್ಸೋಲ್ ಮುಂದೆ ಮಕ್ಕಳು ಸುಮ್ನೆ ಕೂತರು. ಕೆಲವೇ ದಿನಗಳಲ್ಲಿ ಅದೇ ಗುಂಪು ಬಾಡಿಗೆ ದಾಳಿಯ ಸೈಟ್ ಶುರು ಮಾಡಿತು. ಕ್ರಿಸ್‌ಮಸ್ ದಾಳಿ ಜಾಹೀರಾತಾಗಿತ್ತು ಅಷ್ಟೇ! ತಮಾಷೆ ಏನಂದರೆ, 2015ರ ಜನವರಿಯಲ್ಲಿ ಆ ಸೈಟಿಗೇ ಯಾರೋ ನುಗ್ಗಿದರು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಗಿರಾಕಿಗಳ ಪಾಸ್‌ವರ್ಡ್‌ಗಳು ಯಾವ ಗೂಢಲಿಪಿಯೂ ಇಲ್ಲದೆ ಹಾಗೇ ಬಿದ್ದಿದ್ದವು. ಅಂದರೆ ಪಾಸ್‌ವರ್ಡ್ ಕಳೆದುಕೊಂಡವರು ದಾಳಿ ಮಾಡಿಸಲು ಹೋದವರು. ಅದೇ ವರ್ಷ ಬ್ರಿಟನ್ನಿನಲ್ಲಿ ಈ ಸೇವೆ ಬಳಸಿದ ಹದಿಹರೆಯದವರ ಬಂಧನವೂ ಆಯಿತು.

ಸಿಟ್ಟು, ಪೋಸು ಬಿಟ್ಟರೆ ಮೂರನೆಯದು ವ್ಯಾಪಾರ. 2016ರಲ್ಲಿ ಇಂಟರ್ನೆಟ್ಟನ್ನೇ ನಡುಗಿಸಿದ ಮಿರಾಯ್ ಬಾಟ್‌ನೆಟ್ (ಮಾಲೀಕರಿಗೆ ಗೊತ್ತಾಗದಂತೆ ವಶಪಡಿಸಿಕೊಂಡ ಸಾಧನಗಳ ಪಡೆ) ಕಟ್ಟಿದವರು ಅಮೆರಿಕದ ಮೂವರು ಯುವಕರು. ಅದರ ಬೇರು ಇದ್ದದ್ದು ಮೈನ್‌ಕ್ರಾಫ್ಟ್ ಸರ್ವರ್‌ಗಳ ಪೈಪೋಟಿಯಲ್ಲಿ. ಎದುರಾಳಿಯ ಸರ್ವರ್ ಪದೇಪದೇ ಬಿದ್ದರೆ ಅಲ್ಲಿನ ಆಟಗಾರರು ನಿಮ್ಮ ಕಡೆ ಬರುತ್ತಾರೆ, ದುಡ್ಡೂ ಬರುತ್ತದೆ. ಅವರಲ್ಲಿ ಇಬ್ಬರು ದಾಳಿಯಿಂದ ರಕ್ಷಣೆ ಕೊಡುವ ಕಂಪನಿಯನ್ನೂ ಇಟ್ಟುಕೊಂಡಿದ್ದರು. ತೊಟ್ಟಿಲನ್ನೂ ತೂಗಿ, ಮಗುವನ್ನೂ ಚಿವುಟುವುದು ಅಂತಾರಲ್ಲ, ಅದೇ.

ಈಗ ಫೈಟಿಂಗ್ ಗೇಮ್‌ಗೇ ವಿಶೇಷವಾದ ಒಂದು ದೌರ್ಬಲ್ಯ ನೋಡೋಣ. ಈ ಆಟಗಳು ಸೆಕೆಂಡಿಗೆ 60 ಫ್ರೇಮ್ ಓಡುತ್ತವೆ. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಎರಡು ಮೂರು ಫ್ರೇಮ್ ತಡವಾದರೆ ಕಾಂಬೊ, ಅಂದರೆ ಒಂದರ ಹಿಂದೆ ಒಂದು ಹೊಡೆಯುವ ಏಟುಗಳ ಸರಣಿ, ಬಿಟ್ಟುಹೋಗುತ್ತದೆ. ಅದಕ್ಕೇ ನಡುವೆ ಸರ್ವರ್ ಇಡದೆ, ಇಬ್ಬರು ಆಟಗಾರರ ಯಂತ್ರಗಳನ್ನು ನೇರವಾಗಿ ಜೋಡಿಸುವುದು ಇಲ್ಲಿನ ರೂಢಿ. ದೂರದವರ ಜೊತೆ ಆಡುವಾಗಲೂ ಲ್ಯಾಗ್ ಕಾಣದಂತೆ ಮಾಡುವ ರೋಲ್‌ಬ್ಯಾಕ್ ತಂತ್ರ ಜನಪ್ರಿಯವಾದದ್ದು ಜಿಜಿಪಿಒ ಎಂಬ ತಂತ್ರಾಂಶದ ಮೂಲಕ. ಅದನ್ನು ಬರೆದ ಟೋನಿ ಕ್ಯಾನನ್, ಫೈಟಿಂಗ್ ಗೇಮ್‌ಗಳ ದೊಡ್ಡ ಕೂಟವಾದ ಇವೊ ಟೂರ್ನಮೆಂಟ್ ಕಟ್ಟಿದವರಲ್ಲಿ ಒಬ್ಬರು. ಅಂದರೆ ಕಂಪನಿಗಳು ಕೈಚೆಲ್ಲಿ ಕೂತಿದ್ದ ಕೆಲಸವನ್ನು ಆಟಗಾರರೇ ಮಾಡಿಕೊಂಡರು. ಆದರೆ ನೇರ ಜೋಡಣೆಗೆ ಒಂದು ಬೆಲೆ ಇದೆ. ಎದುರಾಳಿಗೆ ನಿಮ್ಮ ಐಪಿ ವಿಳಾಸ ಕಾಣುತ್ತದೆ. ಸೋಲುವ ಹಂತದಲ್ಲಿರುವ ಕಿಡಿಗೇಡಿ ಅದನ್ನು ಬೂಟರ್‌ಗೆ ಹಾಕಿದರೆ ಬೀಳುವುದು ಸೈಟ್ ಅಲ್ಲ, ನಿಮ್ಮ ಮನೆಯ ಇಂಟರ್ನೆಟ್.

ಇವೊದಂಥ ಕೂಟಗಳಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಒಂದೇ ಕನ್ಸೋಲ್‌ನಲ್ಲಿ ಆಡುತ್ತಾರೆ. ಪಂದ್ಯಕ್ಕೆ ಇಂಟರ್ನೆಟ್ಟೇ ಬೇಡ. 2015ರ ಆಗಸ್ಟ್‌ನಲ್ಲಿ ಡೋಟಾ 2ರ ದೊಡ್ಡ ಟೂರ್ನಮೆಂಟ್ ದಿ ಇಂಟರ್‌ನ್ಯಾಷನಲ್ ಡಿಡಾಸ್‌ನಿಂದ ಮಧ್ಯದಲ್ಲೇ ನಿಂತಿತ್ತು. ಒಂದೇ ಸಭಾಂಗಣದಲ್ಲಿ ಕೂತು ಆಡುತ್ತಿದ್ದರೂ ಆ ಆಟಕ್ಕೆ ಹೊರಗಿನ ಸಂಪರ್ಕ ಬೇಕಿತ್ತು. ಫೈಟಿಂಗ್ ಗೇಮ್ ಕೂಟಗಳಿಗೆ ಈ ಪೆಟ್ಟು ಬೀಳುವುದಿಲ್ಲ. ಅವು ಸಿಕ್ಕಿಬೀಳುವುದು ಸುತ್ತಲಿನ ವ್ಯವಸ್ಥೆಯಲ್ಲಿ: ನೋಂದಣಿ, ಬ್ರಾಕೆಟ್ (ಯಾರ ಎದುರು ಯಾರು ಅನ್ನುವ ಪಂದ್ಯಗಳ ಪಟ್ಟಿ), ನೇರಪ್ರಸಾರ. 2020ರಲ್ಲಿ ಕೋವಿಡ್ ಬಂದು ಪಂದ್ಯಗಳೇ ಆನ್‌ಲೈನ್‌ಗೆ ಹೋದಾಗ ಆ ರಕ್ಷಣೆಯೂ ಹೋಯಿತು.

ಇನ್ನು ನಿಜವಾದ ಕಳ್ಳತನ. ಸ್ಟ್ರೀಟ್ ಫೈಟರ್ ಮಾಡುವ ಕ್ಯಾಪ್‌ಕಾಮ್‌ನ ಜಾಲಕ್ಕೆ 2020ರ ನವೆಂಬರ್‌ನಲ್ಲಿ ರ‍್ಯಾಗ್ನಾರ್ ಲಾಕರ್ ಎಂಬ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಬಿತ್ತು. ಅಮೆರಿಕದ ಶಾಖೆಯಲ್ಲಿ ತುರ್ತಿಗೆಂದು ಉಳಿಸಿಕೊಂಡಿದ್ದ ಹಳೆಯ ವಿಪಿಎನ್ ಸಾಧನವೇ (ಹೊರಗಿನಿಂದ ಕಂಪನಿಯ ಜಾಲಕ್ಕೆ ಸೇರಲು ಬಳಸುವಂಥದ್ದು) ದಾಳಿಕೋರರಿಗೆ ಬಾಗಿಲಾಯಿತು. 15,649 ಜನರ ಮಾಹಿತಿ ಸೋರಿದ್ದು ಖಚಿತ ಎಂದು ಕಂಪನಿ ಆಮೇಲೆ ಹೇಳಿತು. ಆಟಗಳು ಮಾತ್ರ ಆನ್‌ಲೈನ್‌ನಲ್ಲಿ ನಡೆಯುತ್ತಲೇ ಇದ್ದವು! ಇಲ್ಲೇ ಸೂಕ್ಷ್ಮ ಇರುವುದು. ಕಳ್ಳನಿಗೆ ಗದ್ದಲ ಬೇಡ. ಅವನು ಬಂದು ಹೋದ ಸೈಟ್ ಎಷ್ಟೋ ಸಲ ಚೆನ್ನಾಗಿಯೇ ಓಡುತ್ತಿರುತ್ತದೆ.

ಎರಡೂ ಒಟ್ಟಿಗೆ ಬರುವುದೂ ಉಂಟು. 2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ಫೋನ್, ಇಂಟರ್ನೆಟ್ ಕಂಪನಿಯ ಮೇಲಿನ ದಾಳಿ ಮೊದಲು ಡಿಡಾಸ್ ಎಂದೇ ಸುದ್ದಿಯಾಯಿತು. ಆಮೇಲೆ ನೋಡಿದರೆ 1,56,959 ಗ್ರಾಹಕರ ಮಾಹಿತಿ ಹೋಗಿತ್ತು. ಹಳೆಯ ಪುಟಗಳಲ್ಲಿದ್ದ ಎಸ್‌ಕ್ಯೂಎಲ್ ದೋಷವೇ, ಅಂದರೆ ಹೊರಗಿನವರು ಡೇಟಾಬೇಸ್‌ಗೆ ತಮ್ಮದೇ ಆದೇಶ ಕೊಡಲು ಬಿಡುವ ತೂತೇ, ಕಾರಣ. ಸಿಕ್ಕಿಬಿದ್ದ 17ರ ಹುಡುಗ, ಗೆಳೆಯರ ಮುಂದೆ ತೋರಿಸಿಕೊಳ್ಳಲು ಹೀಗೆ ಮಾಡಿದೆ ಎಂದು ಕೋರ್ಟಿನಲ್ಲಿ ಹೇಳಿದ.

ಹಾಗಾದರೆ ನೀವೇನು ಮಾಡಬೇಕು? ಬರೀ ಸೈಟ್ ಬಿದ್ದಿದ್ದರೆ ಕಾಯಿರಿ, ಗಾಬರಿ ಬೇಡ. ಪುಟದ ಬರಹ ಬದಲಾಗಿದ್ದರೆ, ನೀವು ಕೇಳದ ಪಾಸ್‌ವರ್ಡ್ ಬದಲಾವಣೆಯ ಇಮೇಲ್ ಬಂದರೆ, ಅಥವಾ ಸೋರಿಕೆ ಆಗಿದೆ ಎಂದು ಸೈಟಿನವರೇ ಹೇಳಿದರೆ ಮಾತ್ರ ತಕ್ಷಣ ಬದಲಾಯಿಸಿ. ಇಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ, ಸೈಟಿಗೆ ನೀವೇ ಹೋಗಿ ಬದಲಾಯಿಸಿ. ಅದೇ ಪಾಸ್‌ವರ್ಡ್ ಜಿಮೇಲ್‌ಗೋ ಸ್ಟೀಮ್‌ಗೋ ಹಾಕಿದ್ದೀರಾ? ಹಾಗಿದ್ದರೆ ಮೊದಲು ಅಲ್ಲಿ ಬದಲಾಯಿಸಿ. ಟೂರ್ನಮೆಂಟ್ ಸೈಟಿನ ಖಾತೆ ಹೋದರೆ ಅಂಥ ನಷ್ಟವಿಲ್ಲ, ಇಮೇಲ್ ಹೋದರೆ ಎಲ್ಲವೂ ಹೋದ ಹಾಗೆ.

ಎದುರಾಳಿ ನಿಮ್ಮ ಮನೆಯ ಇಂಟರ್ನೆಟ್ಟನ್ನೇ ಬೀಳಿಸಿದರೆ ರೂಟರ್ ಸ್ವಲ್ಪ ಹೊತ್ತು ಆಫ್ ಮಾಡಿ ನೋಡಿ. ಬಹಳಷ್ಟು ಸಂಪರ್ಕಗಳಲ್ಲಿ ಐಪಿ ಬದಲಾಗುತ್ತದೆ. ಪಂದ್ಯದ ಸಮಯ, ಎದುರಾಳಿಯ ಖಾತೆಯ ಹೆಸರು ಬರೆದಿಟ್ಟುಕೊಂಡು ಆಯೋಜಕರಿಗೆ ಕೊಡಿ. ಭಾರತದಲ್ಲಿ ಇದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. 'ಸುಮ್ನೆ ತಮಾಷೆಗೆ ಮಾಡಿದೆ' ಅನ್ನುವವರಿಗೆ ಇದು ಗೊತ್ತಿರುವುದಿಲ್ಲ.

ನೀವೇ ಸೈಟ್ ನಡೆಸುತ್ತಿದ್ದರೆ ಒಂದು ಮಾತು. ಸಂಚಾರವನ್ನು ಮೊದಲು ತಾನು ತಡೆದು ಸೋಸುವ ಕ್ಲೌಡ್‌ಫ್ಲೇರ್‌ನಂಥ ಸೇವೆಯ ಹಿಂದೆ ಸೈಟ್ ಇಡುವುದು ಒಳ್ಳೆಯದು, ಸಣ್ಣ ಸೈಟಿಗೆ ಉಚಿತ ಯೋಜನೆಯೂ ಇದೆ. ಆದರೆ ಮೂಲ ಸರ್ವರ್‌ನ ಹಳೆಯ ಐಪಿಯನ್ನೇ ಮುಂದುವರಿಸಬೇಡಿ. ಹಳೆಯ ಡಿಎನ್‌ಎಸ್ ದಾಖಲೆಯಲ್ಲೋ (ಸೈಟಿನ ಹೆಸರಿಗೆ ಯಾವ ಐಪಿ ಎಂದು ತಿಳಿಸುವಂಥದ್ದು), ಸೈಟ್ ಕಳಿಸುವ ಇಮೇಲ್‌ನ ಹೆಡರ್‌ನಲ್ಲೋ (ಅದು ಬಂದ ದಾರಿಯ ವಿವರದಲ್ಲೋ) ಅದು ಸಿಕ್ಕಿಬಿಡುತ್ತದೆ. ಆಮೇಲೆ ದಾಳಿ ನೇರವಾಗಿ ಅಲ್ಲಿಗೇ ಬರುತ್ತದೆ. ಟೂರ್ನಮೆಂಟ್ ದಿನ ಬೆಳಗ್ಗೆ ಬ್ರಾಕೆಟ್‌ನ ಒಂದು ಪ್ರಿಂಟ್ ತೆಗೆದಿಡಿ, ಪೆನ್ನಿನಲ್ಲೇ ಫಲಿತಾಂಶ ತುಂಬಿಕೊಂಡು ಹೋಗಬಹುದು. ಸಂಜೆ ಸೈಟ್ ಮತ್ತೆ ಬಂದ ಮೇಲೆ ಹಾಕಿದರಾಯಿತು.